ನಿಮಗಿದು ಗೊತ್ತೇ? ಗ್ಯಾಬನ್ ಕಾಡಿನ ಇಬೋಗ

ಅಮಲಿನ ಚಟವನ್ನು ಒಂದೇ ರಾತ್ರಿಯಲ್ಲಿ ಬಿಡಿಸುವ ಬೇರು ಎಂದು ಇಬೋಗದ ಹೆಸರು ಅಂತರಜಾಲದಲ್ಲಿ ಜೋರಾಗಿ ಓಡಾಡುತ್ತಿದೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಬಹಳಷ್ಟು ಅವಸರವಿದೆ. ತಲೆಮಾರುಗಳಿಂದ ಈ ಗಿಡವನ್ನು ಬಲ್ಲವರು ಅದನ್ನು ಯಾವ ಎಚ್ಚರದಿಂದ ಬಳಸಿದರು, ಆಸ್ಪತ್ರೆಗಳು ಅದರಲ್ಲಿ ಏನನ್ನು ಕಂಡವು, ಎದೆಬಡಿತಕ್ಕೆ ಅದರಿಂದ ಯಾವ ಅಪಾಯ ಎಂಬುದೆಲ್ಲ ಗೊತ್ತಿಲ್ಲದೆ ಬರೀ ಹೆಸರು ಕೇಳಿದವರೇ ಹೆಚ್ಚು. ಈ ಬಾರಿಯ ಅಂಕಣ ಪೂರ್ತಿ ಆ ಒಂದು ಗಿಡಕ್ಕೇ ಮೀಸಲು.

◆ ಇಬೋಗದ ತವರು ಆಫ್ರಿಕದ ನಡುಪಶ್ಚಿಮದ ಮಳೆಕಾಡು. ಗ್ಯಾಬನ್, ಕ್ಯಾಮರೂನ್, ಈಕ್ವಟೋರಿಯಲ್ ಗಿನಿ, ಎರಡೂ ಕಾಂಗೋ ದೇಶಗಳಲ್ಲಿ ಹೆಮ್ಮರಗಳ ನೆರಳಿನಡಿ ಇದು ಬೆಳೆಯುತ್ತದೆ. ಸಾಮಾನ್ಯವಾಗಿ ಆಳೆತ್ತರದ ಪೊದೆ. ಕಡಿಯದೆ ಬಿಟ್ಟರೆ ಸಣ್ಣ ಮರವೂ ಆದೀತು. ಚಿಕ್ಕ ಬಿಳಿ ಹೂವು, ಅದರ ಮೇಲೆ ಗುಲಾಬಿ ಚುಕ್ಕೆ, ಉದ್ದುರುಟಾದ ಕಿತ್ತಳೆ ಬಣ್ಣದ ಹಣ್ಣು. ಕೊಂಬೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ.

◆ ಹಣ್ಣಿನ ತಿರುಳನ್ನು ತಿನ್ನಬಹುದು, ಕಾಡಾನೆಗಳಿಗೂ ಅದು ಇಷ್ಟ. ಮದ್ದಿನ ಗುಣವೆಲ್ಲ ನೆಲದಡಿಯಲ್ಲಿದೆ, ಬೇರಿನ ತೊಗಟೆಯಲ್ಲಿ. ಅದನ್ನು ಹೆರೆದು ಒಣಗಿಸಿ ಪುಡಿ ಮಾಡುತ್ತಾರೆ. ಕಹಿ ಅಂದರೆ ಗಂಟಲಲ್ಲಿ ಇಳಿಯದಂಥ ಕಹಿ. ನಾಲಗೆ ಜೋಮು ಹಿಡಿಯುತ್ತದೆ.

◆ ಈ ಗಿಡ ಹುಟ್ಟಿದ್ದು ಹೇಗೆಂದು ಗ್ಯಾಬನ್‌ನ ಫಾಂಗ್ ಜನರಲ್ಲಿ ಒಂದು ಕಥೆಯಿದೆ. ಸೃಷ್ಟಿಕರ್ತರಲ್ಲಿ ಕೊನೆಯವನಾದ ಝಾಮೆ ಯೆ ಮೆಬೆಗೆ ಒಂದು ದಿನ ಮೇಲಿನಿಂದ ನೋಡುತ್ತಾನೆ. ಬಿತಾಮು ಎಂಬ ಕಾಡಿನ ಕುಳ್ಳ ಅತಾಂಗಾ ಮರದ ತುದಿಯಲ್ಲಿ ಹಣ್ಣು ಕೀಳುತ್ತಿರುತ್ತಾನೆ. ದೇವರು ಅವನನ್ನು ಬೀಳಿಸುತ್ತಾನೆ, ಪ್ರಾಣವನ್ನು ತನ್ನ ಬಳಿಗೆ ಕರೆದುಕೊಳ್ಳುತ್ತಾನೆ. ಆಮೇಲೆ ಸತ್ತವನ ಕೈಕಾಲುಗಳ ಕಿರುಬೆರಳುಗಳನ್ನು ಕಾಡಿನ ಬೇರೆಬೇರೆ ಕಡೆ ನೆಡುತ್ತಾನೆ. ಅವು ಚಿಗುರಿ ಇಬೋಗದ ಪೊದೆಗಳಾದವಂತೆ. ಅಂದರೆ ಕಥೆಯ ಪ್ರಕಾರ ಈ ಮದ್ದು ಸಾವಿನಿಂದ ಹುಟ್ಟಿದ್ದು. ಅದನ್ನು ತಿನ್ನುವವನು ಸತ್ತ ಹಿರಿಯರನ್ನು ಕಾಣುತ್ತಾನೆಂಬ ನಂಬಿಕೆಯೂ ಇದರ ಜೊತೆಗೇ ಬಂದದ್ದು.

◆ ಗಿಡದ ಗುಣವನ್ನು ಮೊದಲು ಅರಿತವರು ಕಾಡಿನ ಬೇಟೆಗಾರ ಸಮುದಾಯಗಳು ಎಂದು ಗ್ಯಾಬನ್‌ನ ಇತರ ಜನರೇ ಒಪ್ಪುತ್ತಾರೆ. ಅಂಥ ಬೇಟೆಗಾರರಾದ ಬಾಬೊಂಗೊಗಳಿಂದ ಮಿತ್ಸೋಗೊ, ಅಪಿಂಜಿ ಜನರಿಗೆ, ಅವರಿಂದ ಫಾಂಗ್ ಜನರಿಗೆ ಈ ಅರಿವು ಹರಿದು ಬಂತು ಎಂಬುದು ರೂಢಿಯ ಮಾತು. ಊರವರು ಕೀಳಾಗಿ ಕಂಡ ಜನರೇ ಈ ವಿಷಯದಲ್ಲಿ ಊರವರಿಗೆ ಗುರುಗಳು.

◆ ಬೇರು ಒಂದೇ, ಬಳಕೆ ಎರಡು. ಚಿಟಿಕೆಯಷ್ಟು ತಿಂದರೆ ದಣಿವು, ಹಸಿವು, ನಿದ್ದೆ ದೂರ. ರಾತ್ರಿಯಿಡೀ ಮಿಸುಕದೆ ಬೇಟೆಗೆ ಕಾಯುವವರು, ದೂರದ ದೋಣಿಯಾನಕ್ಕೆ ಹೊರಟವರು ಹೀಗೆ ತಿನ್ನುತ್ತಿದ್ದರು. ಜ್ವರಕ್ಕೆ, ನಿಶ್ಶಕ್ತಿಗೆ, ಕಾಮೋತ್ತೇಜನಕ್ಕೆ ಕೊಡುವುದೂ ಉಂಟು. ಪ್ರಮಾಣ ಹಲವು ಪಟ್ಟು ಏರಿದರೆ ಅದು ಬೇರೆಯೇ ಲೋಕ: ಕಣ್ಣು ಮುಚ್ಚಿದರೆ ಎಚ್ಚರದಲ್ಲೇ ಕನಸು, ಹಳೆಯ ನೆನಪುಗಳ ಮೆರವಣಿಗೆ, ಕಾಲಿಗೆ ಸ್ವಾಧೀನವಿಲ್ಲ, ವಾಂತಿ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು. ಈ ಸ್ಥಿತಿ ಒಂದು ದಿನವನ್ನೂ ಮೀರಿ ಎಳೆಯಬಹುದು.

◆ ಗ್ಯಾಬನ್‌ನಲ್ಲಿ ವೈದ್ಯನಿಗೆ ‘ನ್ಗಂಗಾ’ ಎನ್ನುತ್ತಾರೆ. ಕೆಲವು ಪಂಥಗಳಲ್ಲಿ ಮದ್ದು ತಿನ್ನುವವನು ರೋಗಿಯಷ್ಟೇ ಅಲ್ಲ, ವೈದ್ಯನೂ ತಿನ್ನುತ್ತಾನೆ. ರೋಗದ ಮೂಲ ಕಾಣಬೇಕಾದವನು ಅವನು. ಮಕ್ಕಳಾಗದಿರುವುದು, ಬಿಡದ ಕಾಯಿಲೆ, ಮಾಟದ ಭಯ, ಸತ್ತವರ ದುಃಖ ಇವೆಲ್ಲ ಒಂದೇ ಚಿಕಿತ್ಸೆಯೊಳಗೆ ಬರುತ್ತವೆ. ಮೈಯ ನೋವಿಗೆ ಒಬ್ಬ, ಮನಸ್ಸಿನ ನೋವಿಗೆ ಇನ್ನೊಬ್ಬ ಎಂಬ ವಿಂಗಡಣೆ ಅಲ್ಲಿಲ್ಲ.

◆ ‘ಬ್ವಿತಿ’ ಎಂಬುದು ಇಬೋಗವನ್ನು ನಡುವೆ ಇಟ್ಟುಕೊಂಡ ಧರ್ಮಾಚರಣೆ. ಅದರ ದೀಕ್ಷೆಗೆ ಬಂದ ಹೊಸಬನನ್ನು ‘ಬಾಂಝಿ’ ಎನ್ನುತ್ತಾರೆ. ಮೈಗೆ ಬಿಳಿ ಜೇಡಿ ಬಳಿಯುತ್ತಾರೆ. ಒಕುಮೆ ಮರದ ರಾಳದ ಪಂಜು ಉರಿಯುತ್ತದೆ. ಎಂಟು ತಂತಿಯ ‘ನ್ಗೊಂಬಿ’ ಕಿನ್ನರಿಯೂ ಬಾಯಿಗೆ ಒತ್ತಿ ನುಡಿಸುವ ಬಿಲ್ಲುವಾದ್ಯವೂ ರಾತ್ರಿಯಿಡೀ ನಿಲ್ಲುವುದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬಾಂಝಿಗೆ ದೀಕ್ಷೆಯ ‘ತಾಯಿ’, ‘ತಂದೆ’ ಎಂದು ಗೊತ್ತುಮಾಡಿದವರು ಇರುತ್ತಾರೆ. ಅವರು ಅವನ ಬಳಿಯಿಂದ ಏಳುವುದಿಲ್ಲ. ತಿನ್ನುವ ಮೊದಲು ಅವನು ತನ್ನ ತಪ್ಪುಗಳನ್ನು ಬಾಯಿಬಿಟ್ಟು ಹೇಳಬೇಕು, ಸೊಪ್ಪಿನ ನೀರಲ್ಲಿ ಮೀಯಬೇಕು. ತುತ್ತು ತುತ್ತಾಗಿ ಕೊಡುತ್ತ, ಮುಖ ನೋಡುತ್ತ, ಸಾಕೋ ಇನ್ನೂ ಬೇಕೋ ಎಂದು ತೀರ್ಮಾನಿಸುವುದು ಅನುಭವಿಗಳ ಕೆಲಸ.

◆ ಹಾಗೆಂದು ಊರಿನ ಪದ್ಧತಿಯಲ್ಲಿ ಸಾವೇ ಇರಲಿಲ್ಲ ಎನ್ನುವಂತಿಲ್ಲ. ಫಾಂಗ್ ಜನರ ನಡುವೆ ಬಾಳಿ 1982ರಲ್ಲಿ ‘ಬ್ವಿತಿ’ ಎಂಬ ದೊಡ್ಡ ಗ್ರಂಥ ಬರೆದ ಮಾನವಶಾಸ್ತ್ರಜ್ಞ ಜೇಮ್ಸ್ ಫರ್ನಾಂಡೆಝ್, ದೀಕ್ಷೆಯಲ್ಲಿ ಅತಿಯಾಗಿ ತಿಂದು ಪ್ರಾಣ ಬಿಟ್ಟವರ ಪ್ರಸಂಗಗಳನ್ನು ದಾಖಲಿಸಿದ್ದಾರೆ. ‘ಸಾಂಪ್ರದಾಯಿಕ, ಆದ್ದರಿಂದ ನಿರಪಾಯ’ ಎಂದು ಮಾರುವವರು ಈ ಭಾಗವನ್ನು ಹೇಳುವುದಿಲ್ಲ.

◆ ಕಹಿ ತೊಗಟೆ, ಗೊತ್ತಾದ ದಿನ, ಬಲ್ಲವರ ಕೈ ಎಂಬ ಕಟ್ಟುಪಾಡು ನಮ್ಮ ಕರಾವಳಿಗೂ ಹೊಸದಲ್ಲ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತರುವ ಹಾಲೆ ಮರದ ಕೆತ್ತೆ, ಬೆಳ್ಳುಳ್ಳಿ, ಓಮ, ಕಾಳುಮೆಣಸು ಹಾಕಿ ಅರೆದ ಆ ಕಷಾಯ, ಆಮೇಲೆ ಮೆಂತೆ ಗಂಜಿ. ಹಾಲೆ ಮರವೂ ಇಬೋಗವೂ ಒಂದೇ ಸಸ್ಯಕುಟುಂಬದವು. ಮರ ಗುರುತಿಸಲು ಬಾರದವರು ಕೆತ್ತೆ ತರಬಾರದು ಎಂಬ ಎಚ್ಚರಿಕೆ ಪ್ರತಿ ಆಟಿಯಲ್ಲೂ ಕೇಳಿಬರುತ್ತದೆ. ವರ್ಷಕ್ಕೊಮ್ಮೆ, ಸ್ವಲ್ಪವೇ, ಹಿರಿಯರ ಮುಂದೆ ಎಂಬ ಮಿತಿ ತೆಗೆದುಹಾಕಿ ಬರೀ ತೊಗಟೆ ಮಾರಿದರೆ ಅದು ಆಟಿಯ ಮದ್ದಾಗಿ ಉಳಿಯುವುದಿಲ್ಲ.

◆ ಆ ಕುಟುಂಬದ ಹೆಸರು ಅಪೊಸೈನೇಸಿ. ನಮ್ಮ ಹಿತ್ತಿಲಲ್ಲೇ ಅದರ ಸದಸ್ಯರು ತುಂಬಿದ್ದಾರೆ. ಪೂಜೆಗೆ ಕೊಯ್ಯುವ ಕಣಗಿಲೆ ತಿಂದರೆ ಹೃದಯಕ್ಕೆ ನಂಜು. ಸರ್ಪಗಂಧದ ಬೇರಿನ ರೆಸರ್ಪಿನ್ ರಕ್ತದೊತ್ತಡ ಇಳಿಸುವ ಮದ್ದಾಯಿತು. ಆಫ್ರಿಕದ ಪಕ್ಕದ ಮಡಗಾಸ್ಕರ್‌ನಿಂದ ಬಂದು ನಮ್ಮಲ್ಲಿ ಮನೆಮಾತಾದ ನಿತ್ಯಪುಷ್ಪ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಕೊಟ್ಟಿತು. ಮದ್ದು, ವಿಷ ಎರಡೂ ಇಷ್ಟು ಹತ್ತಿರ ಇರುವ ಕುಟುಂಬ ಅಪರೂಪ.

◆ ನಮ್ಮ ಹಿತ್ತಿಲಲ್ಲಿ ಇಬೋಗಕ್ಕೆ ಹತ್ತಿರದ ನಂಟ ಯಾರು ಗೊತ್ತೇ? ನಂದಿಬಟ್ಟಲು. ಅದರಲ್ಲಿ ಇರುವ ಕೊರೊನಾರಿಡಿನ್ ಎಂಬ ಕ್ಷಾರಾಂಶದ ರಚನೆ ಇಬೋಗದ ಬೇರಿನಲ್ಲಿರುವ ಇಬೋಗೇನ್ ಎಂಬ ಕ್ಷಾರಾಂಶದ ರಚನೆಯನ್ನೇ ಹೋಲುತ್ತದೆ. ಹೋಲುತ್ತದೆ ಎಂದ ಮಾತ್ರಕ್ಕೆ ಕೆಲಸವೂ ಒಂದೇ ಅಲ್ಲ. ದಯವಿಟ್ಟು ಯಾರೂ ನಂದಿಬಟ್ಟಲಿನ ಬೇರು ಅಗೆದು ಪ್ರಯೋಗಕ್ಕೆ ಇಳಿಯಬೇಡಿ.

◆ ಯುರೋಪಿಗೆ ಈ ಗಿಡ ತಲುಪಿದ್ದು 1860ರ ದಶಕದಲ್ಲಿ. ಗ್ರಿಫೋನ್ ದ್ಯು ಬೆಲ್ಲೆ ಎಂಬ ಫ್ರೆಂಚ್ ನೌಕಾದಳದ ವೈದ್ಯ ಮಾದರಿಗಳನ್ನು ಒಯ್ದಿದ್ದ. 1889ರಲ್ಲಿ ಸಸ್ಯವಿಜ್ಞಾನಿ ಆನ್ರಿ ಬೈಯೋಂ ಅದಕ್ಕೆ ‘ಟೆಬರ್ನಾಂಥೆ ಇಬೋಗ’ ಎಂಬ ಶಾಸ್ತ್ರೀಯ ಹೆಸರಿಟ್ಟ. ಬೇರಿನ ಮುಖ್ಯ ಕ್ಷಾರಾಂಶವಾದ ಇಬೋಗೇನ್ ಅನ್ನು 1901ರಲ್ಲಿ ಫ್ರಾನ್ಸಿನ ಎರಡು ತಂಡಗಳು ಬೇರೆಬೇರೆಯಾಗಿ ಬೇರ್ಪಡಿಸಿದವು.

◆ 1939ರಿಂದ ಸುಮಾರು ಮೂವತ್ತು ವರ್ಷ ಫ್ರಾನ್ಸಿನ ಔಷಧದಂಗಡಿಗಳಲ್ಲಿ ‘ಲಾಂಬರೆನ್’ ಎಂಬ ಮಾತ್ರೆ ಸಿಗುತ್ತಿತ್ತು. ಇಬೋಗದ ಹತ್ತಿರದ ಜಾತಿಯೊಂದರ ಸಾರ ಅದು; ಒಂದು ಮಾತ್ರೆಯಲ್ಲಿ ಇಬೋಗೇನ್ 8 ಮಿಲಿಗ್ರಾಂ. ಸುಸ್ತಾದವರಿಗೆ, ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ, ಮನಸ್ಸು ಕುಗ್ಗಿದವರಿಗೆ ಚೈತನ್ಯದ ಮಾತ್ರೆ ಎಂದು ಅದರ ಜಾಹೀರಾತು. ಆಲ್ಬರ್ಟ್ ಶ್ವೈಟ್ಜರ್ 1913ರಲ್ಲಿ ಆಸ್ಪತ್ರೆ ತೆರೆದ ಗ್ಯಾಬನ್‌ನ ಊರು ಲಾಂಬರೆನೆ. ಮಾತ್ರೆಯ ಹೆಸರೂ ಅದನ್ನೇ ನೆನಪಿಸುತ್ತದೆ. ಗ್ಯಾಬನ್‌ನಲ್ಲಿ ವಸಾಹತು ಅಧಿಕಾರಿಗಳೂ ಮಿಷನರಿಗಳೂ ಬ್ವಿತಿಯವರನ್ನು ಕಾಡಿದ್ದುಂಟು. ಅದೇ ಬೇರಿನ ಗುಣ ಪ್ಯಾರಿಸ್ಸಿನಲ್ಲಿ ಶೀಶೆಯೊಳಗೆ ಮಾರಾಟವಾಗುತ್ತಿತ್ತು. ಇದನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ.

◆ ಚಟ ಬಿಡಿಸುವ ಗುಣ ಹೊರಜಗತ್ತಿಗೆ ತಿಳಿದದ್ದು ಪ್ರಯೋಗಶಾಲೆಯಿಂದಲ್ಲ. 1962ರಲ್ಲಿ ನ್ಯೂಯಾರ್ಕ್‌ನ ಹತ್ತೊಂಬತ್ತು ವರ್ಷದ ಹೋವರ್ಡ್ ಲಾಟ್ಸಾಫ್ ಹೆರಾಯಿನ್ ಚಟಕ್ಕೆ ಬಿದ್ದಿದ್ದ. ಬೇರೊಂದು ಅಮಲಿನ ಆಸೆಯಿಂದ ಇಬೋಗೇನ್ ತೆಗೆದುಕೊಂಡ. ಒಂದೂವರೆ ದಿನ ಕಳೆದು ಎದ್ದಾಗ ಹೆರಾಯಿನ್ ಬೇಕೆನಿಸಲಿಲ್ಲ. ಅದಕ್ಕಿಂತ ದೊಡ್ಡದು, ಹೆರಾಯಿನ್ ಬಿಟ್ಟವರನ್ನು ಹಿಂಡುವ ಮೈನೋವು, ನಡುಕ, ಭೇದಿ ಯಾವುದೂ ಬರಲಿಲ್ಲ. ಜೊತೆಗೆ ತೆಗೆದುಕೊಂಡ ಗೆಳೆಯರಲ್ಲೂ ಕೆಲವರಿಗೆ ಹಾಗೇ ಆಯಿತು. ಮುಂದೆ ಲಾಟ್ಸಾಫ್ ತನ್ನ ಇಡೀ ಬದುಕನ್ನು ಇದರ ಪ್ರಚಾರಕ್ಕೆ ಮುಡಿಪಿಟ್ಟ. 1985ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. 2010ರಲ್ಲಿ ತೀರಿಕೊಂಡ. ಪೇಟೆಂಟಿನ ಕಾಗದದಲ್ಲಿ ಬಾಬೊಂಗೊಗಳಿಗೆ ಪಾಲಿರಲಿಲ್ಲ.

◆ ಚಿಲಿಯ ಮನೋವೈದ್ಯ ಕ್ಲಾಡಿಯೊ ನರಾಂಹೊ 1960ರ ದಶಕದಲ್ಲೇ ಇಬೋಗೇನನ್ನು ಮಾತಿನ ಚಿಕಿತ್ಸೆಯ ಜೊತೆಗೆ ಬಳಸಿದ್ದರು. 1973ರಲ್ಲಿ ಬಂದ ಅವರ ಪುಸ್ತಕದಲ್ಲಿ ಅದರ ವಿವರವಿದೆ.

◆ 1972ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಅಭ್ಯರ್ಥಿ ಎಡ್ಮಂಡ್ ಮಸ್ಕಿ ಇಬೋಗೇನ್ ಸೇವಿಸುತ್ತಿದ್ದಾರೆಂಬ ವದಂತಿ ಇದೆ ಎಂದು ಪತ್ರಕರ್ತ ಹಂಟರ್ ಥಾಂಪ್ಸನ್ ಬರೆದ. ವದಂತಿ ಹಬ್ಬಿಸಿದವನು ತಾನೇ ಎಂದು ಆಮೇಲೆ ಅವನೇ ಹೇಳಿಕೊಂಡ. ಬಹಳ ಅಮೆರಿಕನ್ನರು ಈ ಹೆಸರನ್ನು ಮೊದಲು ಕೇಳಿದ್ದು ಆ ಸುಳ್ಳಿನಿಂದ.

◆ ಇಬೋಗೇನ್ ಎಂಬ ಒಂದೇ ವಸ್ತು ಮಿದುಳಿನ ಹಲವು ಕಡೆ ಕೈಯಾಡಿಸುತ್ತದೆ. ಅಫೀಮು ಕೂರುವ ತಾಣಗಳಲ್ಲಿ ಕೆಲವನ್ನು ಮುಟ್ಟುತ್ತದೆ, ಸೆರಟೋನಿನ್ ಮರಳಿ ಹೀರಿಹೋಗುವುದನ್ನು ತಡೆಯುತ್ತದೆ, ಕೆಟಮಿನ್ ಕೆಲಸ ಮಾಡುವ ಜಾಗದಲ್ಲೂ ಇದರ ಪ್ರಭಾವವಿದೆ. ಒಂದು ಬೀಗಕ್ಕೆ ಒಂದು ಕೀಲಿ ಎನ್ನುವಂತೆ ಕೆಲಸ ಮಾಡುವ ಔಷಧ ಇದಲ್ಲ. ಇಲ್ಲಿ ಒಂದೇ ಕೀಲಿ ಹತ್ತಾರು ಬಾಗಿಲು ತೆಗೆಯುತ್ತದೆ, ಅವುಗಳಲ್ಲಿ ತೆಗೆಯಬಾರದ ಬಾಗಿಲೂ ಒಂದಿದೆ.

◆ ಆ ಬಾಗಿಲು ಹೃದಯದ್ದು. ಪ್ರತಿ ಬಡಿತ ಮುಗಿದ ಮೇಲೆ ಹೃದಯದ ಜೀವಕೋಶಗಳು ಪೊಟ್ಯಾಸಿಯಂ ಅನ್ನು ಹೊರಬಿಟ್ಟು ಮುಂದಿನ ಬಡಿತಕ್ಕೆ ಸಜ್ಜಾಗಬೇಕು. ಇಬೋಗೇನ್ ಆ ಪೊಟ್ಯಾಸಿಯಂ ದಾರಿಯನ್ನು ಅಡ್ಡಗಟ್ಟುತ್ತದೆ. ಸಜ್ಜಾಗುವ ಹೊತ್ತು ಲಂಬಿಸುತ್ತದೆ. ಇಸಿಜಿಯಲ್ಲಿ ‘ಕ್ಯೂಟಿ’ ಎಂದು ಅಳೆಯುವ ಅಂತರ ಹಿಗ್ಗುತ್ತದೆ. ಅದು ಹಿಗ್ಗಿದಾಗ ಅಕಾಲದ ಒಂದು ಬಡಿತ ಬಂದರೆ ತಾಳ ತಪ್ಪಿ, ಹೃದಯ ರಕ್ತ ತಳ್ಳುವ ಬದಲು ಸುಮ್ಮನೆ ಅದುರತೊಡಗುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಇದಕ್ಕೆ ಮೊದಲೇ ಹೃದ್ರೋಗ ಇರಬೇಕೆಂದಿಲ್ಲ, ವಯಸ್ಸಾಗಿರಬೇಕೆಂದೂ ಇಲ್ಲ.

◆ ಅಪಾಯ ಯಾವಾಗ ಕಳೆಯುತ್ತದೆ? ಕನಸುಗಳು ನಿಂತ ಕೂಡಲೇ ಅಲ್ಲ. ಯಕೃತ್ತು ಇಬೋಗೇನನ್ನು ನಾರ್‌ಇಬೋಗೇನ್ ಆಗಿ ಮಾರ್ಪಡಿಸುತ್ತದೆ. ಅದು ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ, ಅದಕ್ಕೂ ಕ್ಯೂಟಿ ಹಿಗ್ಗಿಸುವ ಗುಣವಿದೆ. ಎದ್ದು ಕೂತು ನಗುತ್ತ ಮಾತಾಡುವವನನ್ನು ಕಂಡು ಕಾವಲು ಕೈಬಿಡುವುದೇ ದೊಡ್ಡ ಅಪಾಯ.

◆ ಮಾರ್ಪಡಿಸುವ ಈ ಕೆಲಸ ಮಾಡುವ ಕಿಣ್ವದ ಹೆಸರು ಸಿವೈಪಿ2ಡಿ6. ಅದು ಕೆಲವರಲ್ಲಿ ಹುಟ್ಟಿನಿಂದಲೇ ಮಂದ. ಅಂಥವರಲ್ಲಿ ಇಬೋಗೇನ್ ಬೇಗ ಕರಗದೆ ರಕ್ತದಲ್ಲಿ ಏರುತ್ತದೆ. ಫ್ಲುಓಕ್ಸೆಟಿನ್, ಪರೋಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳೂ ಈ ಕಿಣ್ವವನ್ನು ತಡೆಯುತ್ತವೆ. ಹಾಗಾಗಿ ಒಬ್ಬನಿಗೆ ಒಗ್ಗಿದ ಪ್ರಮಾಣ ಪಕ್ಕದವನಿಗೆ ಮಾರಕವಾಗಬಹುದು.

◆ ಯಾರು ಹತ್ತಿರವೂ ಸುಳಿಯಬಾರದು? ಹೃದಯದ ಕಾಯಿಲೆ ಇರುವವರು, ಮನೆತನದಲ್ಲಿ ಹಠಾತ್ ಸಾವು ಕಂಡವರು, ಯಕೃತ್ತು ಸೊರಗಿದವರು, ವಾಂತಿಭೇದಿಯಿಂದ, ಕುಡಿತದಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದವರು, ಕ್ಯೂಟಿ ಹಿಗ್ಗಿಸುವ ಬೇರೆ ಔಷಧ ಸೇವಿಸುವವರು. ಮೆಥಡೋನ್ ಆ ಪಟ್ಟಿಯಲ್ಲಿದೆ, ಕೆಲವು ಸಾಮಾನ್ಯ ಆ್ಯಂಟಿಬಯೋಟಿಕ್‌ಗಳೂ ಇವೆ. ಬುದ್ಧಿವಿಕಲ್ಪದ ಕಾಯಿಲೆ ಇರುವವರಿಗೂ ಗರ್ಭಿಣಿಯರಿಗೂ ಇದು ಸಲ್ಲದು. ಈಗ ಯೋಚಿಸಿ: ಚಟಕ್ಕೆ ಸಿಕ್ಕಿ ಮೈ ಹಾಳಾದವರಲ್ಲಿ ಎಷ್ಟು ಮಂದಿ ಈ ಪಟ್ಟಿಯಿಂದ ಹೊರಗಿದ್ದಾರು? ಮದ್ದು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಹೆಚ್ಚು ಅಪಾಯ.

◆ ಇನ್ನೊಂದು ಸಾವು ಹಿಂಬಾಗಿಲಿನಿಂದ ಬರುತ್ತದೆ. ಇಬೋಗೇನ್ ಆದಮೇಲೆ ಹೆರಾಯಿನ್‌ಗೆ ಒಗ್ಗಿದ್ದ ಮೈ ಆ ಒಗ್ಗುವಿಕೆಯನ್ನು ಕಳೆದುಕೊಂಡಿರುತ್ತದೆ. ಮತ್ತೆ ಆಸೆ ಹುಟ್ಟಿ ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

◆ 1990ರಿಂದ 2008ರವರೆಗೆ ಇಬೋಗೇನ್ ಸೇವನೆಯ ನಂತರ ಸಂಭವಿಸಿದ 19 ಸಾವುಗಳನ್ನು ಕೆನ್ನೆತ್ ಆಲ್ಪರ್ ಮತ್ತು ಸಂಗಡಿಗರು ಒಂದೊಂದಾಗಿ ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ಸೇವಿಸಿದ ಒಂದೂವರೆ ಗಂಟೆಯಿಂದ 76 ಗಂಟೆಯೊಳಗೆ ಆದ ಸಾವುಗಳು ಅವು. ಮೊದಲೇ ಇದ್ದ ಕಾಯಿಲೆ, ಮುಖ್ಯವಾಗಿ ಹೃದಯದ್ದು, ಜೊತೆಗೆ ತೆಗೆದುಕೊಂಡ ಬೇರೆ ಅಮಲು ಬಹುಪಾಲು ಸಾವುಗಳಿಗೆ ದಾರಿ ಮಾಡಿದ್ದವು. ಲೆಕ್ಕಕ್ಕೆ ಸಿಕ್ಕವು ಮಾತ್ರ ಇವು. ಕದ್ದು ಮುಚ್ಚಿ ತೆಗೆದುಕೊಂಡವರ ಸಾವು ಯಾವ ಪಟ್ಟಿಗೂ ಬರುವುದಿಲ್ಲ.

◆ ಆಸ್ಪತ್ರೆಯೊಳಗೇ, ಮಾನಿಟರ್ ಕಟ್ಟಿಕೊಂಡೇ ಕೊಟ್ಟರೆ? ನೆದರ್ಲೆಂಡ್ಸ್‌ನಲ್ಲಿ ಅಫೀಮು ಬಗೆಯ ಚಟವಿದ್ದ 14 ಮಂದಿಗೆ ಹೀಗೆ ಕೊಟ್ಟು ನೋಡಿದರು. ಅರ್ಧದಷ್ಟು ಜನರಲ್ಲಿ ಕ್ಯೂಟಿ 500 ಮಿಲಿಸೆಕೆಂಡ್ ದಾಟಿತು. ವೈದ್ಯರು ಬೆಚ್ಚುವ ಗಡಿ ಅದು. ಎಲ್ಲರಿಗೂ ಕೆಲಕಾಲ ನಡಿಗೆ ತಪ್ಪಿತ್ತು. ಯಾರೂ ಸಾಯಲಿಲ್ಲ, ಅಪಾಯದ ತಾಳತಪ್ಪೂ ಆಗಲಿಲ್ಲ. ಸುತ್ತ ಆಸ್ಪತ್ರೆ ಇತ್ತು ಎಂಬುದನ್ನು ಮರೆಯಬಾರದು.

◆ ನಡಿಗೆ ತಪ್ಪುವುದೇಕೆ ಎಂಬುದಕ್ಕೆ ಹಿಮ್ಮಿದುಳು ಕಾರಣ. ಬಹಳ ದೊಡ್ಡ ಪ್ರಮಾಣ ಕೊಟ್ಟ ಇಲಿಗಳಲ್ಲಿ ಹಿಮ್ಮಿದುಳಿನ ಪುರ್ಕಿಂಜೆ ಕೋಶಗಳು ಸತ್ತಿದ್ದನ್ನು 1993ರಲ್ಲಿ ವಿಜ್ಞಾನಿಗಳು ಕಂಡರು. ಪ್ರಮಾಣ ಇಳಿಸಿದಾಗ ಆ ಹಾನಿ ಕಾಣಲಿಲ್ಲ. ಆದರೂ ಆ ವರದಿ ಮುಂದಿನ ಸಂಶೋಧನೆಗಳ ಮೇಲೆ ಬಹುಕಾಲ ನೆರಳು ಹಾಸಿತು. ಮನುಷ್ಯರ ಮೇಲೆ ಮೊದಲ ಹಂತದ ಪರೀಕ್ಷೆಗೆ ಅಮೆರಿಕದ ಔಷಧ ಆಡಳಿತ 1993ರಲ್ಲೇ ಒಪ್ಪಿತ್ತು. ಮಯಾಮಿ ವಿಶ್ವವಿದ್ಯಾಲಯದ ಡೆಬೊರಾ ಮ್ಯಾಶ್ ಅದನ್ನು ಮುನ್ನಡೆಸುತ್ತಿದ್ದರು. 1995ರಲ್ಲಿ ಸರ್ಕಾರಿ ಸಂಸ್ಥೆ ಹಣ ಕೊಡಲು ಹಿಂಜರಿಯಿತು, ಕೆಲಸ ನಿಂತಿತು. ನಂತರದ ವರ್ಷಗಳಲ್ಲಿ ರೋಗಿಗಳು ಮೇಲ್ವಿಚಾರಣೆಯೇ ಇಲ್ಲದ ಕಡೆಗಳಿಗೆ ಹೋಗಿ ತಿಂದರು. ಪರೀಕ್ಷೆ ನಿಲ್ಲಿಸಿದ್ದರಿಂದ ಸೇವನೆ ನಿಲ್ಲಲಿಲ್ಲ.

◆ 2024ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡದ ವರದಿ ‘ನೇಚರ್ ಮೆಡಿಸಿನ್’ನಲ್ಲಿ ಬಂತು. ಯುದ್ಧದಲ್ಲಿ ತಲೆಗೆ ಪೆಟ್ಟು ತಿಂದ ಅಮೆರಿಕದ 30 ಮಾಜಿ ಸೈನಿಕರು ಮೆಕ್ಸಿಕೊಗೆ ಹೋಗಿ ಇಬೋಗೇನ್ ತೆಗೆದುಕೊಂಡಿದ್ದರು. ಹೃದಯದ ರಕ್ಷಣೆಗೆ ಮೆಗ್ನೀಸಿಯಂ ಜೊತೆಗಿತ್ತು. ಒಂದು ತಿಂಗಳ ಮೇಲೆ ನೋಡಿದಾಗ ಆಘಾತದ ನೆನಪಿನ ಕಾಟ, ಖಿನ್ನತೆ, ಆತಂಕ ಮೂರರ ಅಂಕಗಳೂ ಸರಾಸರಿ ಶೇ 80ಕ್ಕಿಂತ ಹೆಚ್ಚು ಇಳಿದಿದ್ದವು. ಹೃದಯಕ್ಕೆ ಗಂಭೀರ ತೊಂದರೆ ಯಾರಿಗೂ ಆಗಲಿಲ್ಲ. ಓದಿದರೆ ಮನಸ್ಸು ಹಿಗ್ಗುತ್ತದೆ. ಆದರೆ ಎಲ್ಲರೂ ಗಂಡಸರು, ಎಲ್ಲರೂ ಗಟ್ಟಿಮೈಯ ಸೈನಿಕರು, ತಾವು ಏನು ತೆಗೆದುಕೊಂಡೆವೆಂದು ಎಲ್ಲರಿಗೂ ಗೊತ್ತಿತ್ತು, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಇದು ಒಳ್ಳೆಯ ಆರಂಭ, ತೀರ್ಪಲ್ಲ.

◆ 2025ರ ಜೂನ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯ ಇಬೋಗೇನ್‌ನ ವೈದ್ಯಕೀಯ ಪರೀಕ್ಷೆಗಳಿಗೆ 5 ಕೋಟಿ ಡಾಲರ್ ತೆಗೆದಿಡುವ ಕಾನೂನು ಮಾಡಿತು. ಅದೇ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ 1970ರಿಂದ ಇಬೋಗೇನ್ ಅತಿ ಕಠಿಣ ನಿಷೇಧದ ಪಟ್ಟಿಯಲ್ಲಿದೆ. ನ್ಯೂಜಿಲೆಂಡ್ ಅದನ್ನು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧವಾಗಿಸಿದೆ. ಮೆಕ್ಸಿಕೊದಲ್ಲಿ ನಿಷೇಧವಿಲ್ಲ, ಅನುಮೋದನೆಯೂ ಇಲ್ಲ. ಖಾಸಗಿ ಚಿಕಿತ್ಸಾಲಯಗಳು ತುಂಬಿವೆ.

◆ ಇಬೋಗೇನ್‌ಗೆ ಹೃದಯಕ್ಕೆ ತೊಡಕಾಗದ ತಮ್ಮಂದಿರನ್ನು ಹುಟ್ಟಿಸುವ ಪ್ರಯತ್ನ ಹಳೆಯದು. ಸ್ಟ್ಯಾನ್ಲಿ ಗ್ಲಿಕ್, ಮಾರ್ಟಿನ್ ಕ್ಯೂನೆ 1990ರ ದಶಕದಲ್ಲಿ ರೂಪಿಸಿದ ‘18-ಎಂಸಿ’ ಅಂಥದ್ದೊಂದು. ಅದು ಹುಟ್ಟಿದ್ದು ನಂದಿಬಟ್ಟಲಿನಲ್ಲಿರುವ ಅದೇ ಕೊರೊನಾರಿಡಿನ್‌ನ ರಚನೆಯನ್ನು ತಿದ್ದಿ. 2020ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಡೇವಿಡ್ ಓಲ್ಸನ್ ತಂಡ ‘ಟೆಬರ್ನಾಂಥಲಾಗ್’ ಎಂಬ ಇನ್ನೊಂದನ್ನು ತಯಾರಿಸಿತು. ಇಲಿಗಳಲ್ಲಿ ಅದು ಹೆರಾಯಿನ್, ಮದ್ಯದ ಹುಡುಕಾಟವನ್ನು ತಗ್ಗಿಸಿತು. ಭ್ರಮೆಯ ಲಕ್ಷಣ ತೋರಲಿಲ್ಲ. ಕನಸು ಕಾಣದೆ ಚಟ ಬಿಟ್ಟೀತೇ ಎಂಬ ಪ್ರಶ್ನೆಗೆ ಬ್ವಿತಿಯವರ ಉತ್ತರ ಬೇರೆ ಇರುತ್ತದೆ: ಅವರ ಪಾಲಿಗೆ ಕಾಣುವುದೇ ಚಿಕಿತ್ಸೆ.

◆ ಪುಡಿ, ಸಾರ, ಶುದ್ಧ ಹರಳು ಮೂರೂ ‘ಇಬೋಗ’ ಎಂಬ ಒಂದೇ ಹೆಸರಲ್ಲಿ ಮಾರಾಟವಾಗುತ್ತವೆ. ಬೇರಿನ ತೊಗಟೆಯಲ್ಲಿ ಕ್ಷಾರಾಂಶ ಹೆಚ್ಚೆಂದರೆ ಶೇ 6ರಷ್ಟು. ಅದೂ ಗಿಡದಿಂದ ಗಿಡಕ್ಕೆ, ವಯಸ್ಸಿನಿಂದ ವಯಸ್ಸಿಗೆ ಬೇರೆ. ಸಾರದಲ್ಲಿ ಅದು ಹಲವು ಪಟ್ಟು. ಪುಡಿಯ ಲೆಕ್ಕದಲ್ಲಿ ಸಾರ ತಿಂದವನ ಗತಿ ಊಹಿಸಿ. ಅಂಚೆಯಲ್ಲಿ ಬರುವ ಪೊಟ್ಟಣದೊಳಗೆ ಯಾವುದಿದೆ, ಎಷ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ‘ಗಿಡಮೂಲಿಕೆ, ತೊಂದರೆಯಿಲ್ಲ’ ಎಂಬ ಮಾತನ್ನು ಇಲ್ಲಿ ನಂಬುವುದು ಪ್ರಾಣದ ಪ್ರಶ್ನೆ.

◆ ನಿಮ್ಮ ಮನೆಯಲ್ಲೇ ಯಾರಾದರೂ ಚಟಕ್ಕೆ ಸಿಕ್ಕಿದ್ದರೆ ದೂರದ ಬೇರು ಹುಡುಕಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಹೆರಾಯಿನ್, ಅಫೀಮಿನ ಚಟಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಪರೀಕ್ಷಿತ ಔಷಧಗಳು ಭಾರತದಲ್ಲೇ ಇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಚಟ ಕಾಯಿಲೆಯೇ ಹೊರತು ನಡತೆಯ ದೋಷವಲ್ಲ, ಮುಚ್ಚಿಡಬೇಡಿ.

◆ ಕೊನೆಯದಾಗಿ ಗಿಡದ ಆರೋಗ್ಯ. ಬೇರು ತೆಗೆದರೆ ಗಿಡ ಬಹುಪಾಲು ಸಾಯುತ್ತದೆ, ಬೇರು ಬಲಿಯಲು ವರ್ಷಗಳು ಬೇಕು. ಹೊರದೇಶದ ಬೇಡಿಕೆ ಏರಿದಂತೆ ಗ್ಯಾಬನ್‌ನ ಕಾಡಿನಿಂದ ಕಳ್ಳಸಾಗಣೆ ಹೆಚ್ಚಿತು, ಊರಿನ ದೀಕ್ಷೆಗೇ ಬೇರು ದುಬಾರಿಯಾಯಿತು. 2000ರಲ್ಲಿ ಗ್ಯಾಬನ್ ಇಬೋಗವನ್ನು ರಾಷ್ಟ್ರೀಯ ಪರಂಪರೆ ಎಂದು ಘೋಷಿಸಿತು. 2019ರಲ್ಲಿ ರಫ್ತು ನಿಲ್ಲಿಸಿತು. ಸಸ್ಯಸಂಪತ್ತಿನಿಂದ ಬಂದ ಲಾಭವನ್ನು ಅದನ್ನು ಕಾಪಾಡಿದವರ ಜೊತೆ ಹಂಚಿಕೊಳ್ಳಬೇಕೆನ್ನುವ ನಗೋಯಾ ಒಪ್ಪಂದಕ್ಕೆ 2011ರಲ್ಲಿ ಮೊಟ್ಟಮೊದಲು ಅನುಮೋದನೆ ಕೊಟ್ಟ ದೇಶವೂ ಗ್ಯಾಬನ್ನೇ. ಈಗ ಕೆಲವು ಹಳ್ಳಿಗಳು ಇಬೋಗವನ್ನು ತಾವೇ ನೆಟ್ಟು ಬೆಳೆಸುತ್ತಿವೆ.

ಲಾಭ ಹಂಚಿಕೆ ಆಗದ ಮಾತೇನಲ್ಲ. ಅಗಸ್ತ್ಯಕೂಟದ ಕಾಣಿ ಜನರು ಕಾಡಿನಲ್ಲಿ ದಣಿಯದಿರಲು ತಿನ್ನುತ್ತಿದ್ದ ಆರೋಗ್ಯಪಚ್ಚೆಯನ್ನು 1987ರಲ್ಲಿ ಕಂಡ ಕೇರಳದ ವಿಜ್ಞಾನಿಗಳು ಮುಂದೆ ಅದರಿಂದ ‘ಜೀವನಿ’ ಎಂಬ ಔಷಧ ಮಾಡಿದಾಗ, ಬಂದ ಹಣದ ಅರ್ಧ ಭಾಗವನ್ನು ಕಾಣಿಗಳ ಟ್ರಸ್ಟಿಗೆ ಕೊಡುವ ಕರಾರಾಯಿತು. ಇಬೋಗದ ವಿಷಯದಲ್ಲಿ ಒಂದು ತೊಡಕಿದೆ. ಪಶ್ಚಿಮ ಆಫ್ರಿಕದ ವೊಕಾಂಗ ಮರದ ತೊಗಟೆಯಿಂದ ತೆಗೆದ ವೊಕಾಂಜಿನ್ ಅನ್ನು ಸುಲಭವಾಗಿ ಇಬೋಗೇನ್ ಆಗಿ ಬದಲಿಸಬಹುದು. ಪೂರ್ತಿ ಕೃತಕವಾಗಿ ತಯಾರಿಸುವ ದಾರಿಯೂ 1966ರಿಂದಲೇ ಗೊತ್ತಿದೆ. ಹಾಗೆ ಮಾಡಿದ ಇಬೋಗೇನ್‌ಗೆ ಗ್ಯಾಬನ್‌ನ ಒಂದು ಬೇರೂ ಬೇಕಿಲ್ಲ. ಬೇರು ಬೇಡವಾದರೂ ಅದರ ಗುಣ ಕಂಡುಹಿಡಿದದ್ದು ಬಾಬೊಂಗೊ, ಮಿತ್ಸೋಗೊ ಜನರೇ. ಟೆಕ್ಸಸ್‌ನ ಪರೀಕ್ಷೆಗಳಿಂದ ನಾಳೆ ಒಂದು ಔಷಧ ಹೊರಬಂದರೆ ಅವರ ಪಾಲು ಎಷ್ಟೆಂಬ ಕರಾರನ್ನು ಮಾತ್ರೆ ಮಾರುಕಟ್ಟೆಗೆ ಬರುವ ಮೊದಲೇ ಬರೆಯಬೇಕು.